ನಡುವಿನ ಹೆಸರು

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹತ್ತಿರದ ಫ್ಲೆಕ್ಸ್ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನು ಕಂಪ್ಯೂಟರಿನಲ್ಲಿ ನಮ್ಮ ಆಫೀಸಿನ ಅಕ್ಕಾರ ಫೋಟೋ ಇಟ್ಟು, ಸುತ್ತಲೂ ಹಳದಿ ಹೂವಿನ ಹಾರ ಹಾಕಿ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದು, "ಪೂರ್ತಿ ಹೆಸರ ಹೇಳ್ರಿ ಸರ" ಎಂದ. ಮೊದಲ ಹೆಸರು ಹೇಳಿದೆ. ಅಡ್ಡಹೆಸರು ಹೇಳಿದೆ. ಅವನು ಬೆರಳುಗಳನ್ನು ಕೀಬೋರ್ಡಿನ ಮೇಲೆ ಇಟ್ಟುಕೊಂಡೇ ಕಾದ. ನಮ್ಮ ಕಡೆ ಹೆಸರೆಂದರೆ ಮೂರು ತುಂಡು. ಮೊದಲು ಸ್ವಂತದ್ದು, ನಡುವೆ ಅಪ್ಪನದು, ಕೊನೆಗೆ ಅಡ್ಡಹೆಸರು. ಹೆಂಗಸಾದರೆ ನಡುವೆ ಗಂಡನದು. ಅವನು ಕಾಯುತ್ತಿದ್ದದ್ದು ಆ ನಡುವಿನ ತುಂಡಿಗೆ.

"ಹೆಸರ ಇಷ್ಟ" ಅಂದೆ.

"ಗಂಡನ ಹೆಸರ್ರಿ?"

ಅಷ್ಟರಲ್ಲಿ ನಿಪ್ಪಾಣಿಯಿಂದ ಅಕ್ಕಾರ ಅಣ್ಣನ ಫೋನು ಬಂತು. ಅವರಿಗೂ ಅದೇ ಚಿಂತೆ. "ಹೆಸರ ಪೂರ್ತಾ ಹಾಕಸ್ರಿ. ಗಂಡ ಇನ್ನಾ ಬದುಕ್ಯಾನ. ನಡಬರಕ ಅವನ ಹೆಸರ ಇಲ್ಲಂದ್ರ ಬಂದ ಮಂದಿ ಏನ ಅಂದಾರು?" ಎಂದರು. ಸ್ವಲ್ಪ ತಡೀರಿ, ನಾನೇ ತಿರುಗಿ ಫೋನು ಮಾಡ್ತೀನಿ ಎಂದು ಹೇಳಿ ಫೋನು ಇಟ್ಟೆ. ಅಂಗಡಿಯವನು ಎರಡು ಹೆಸರುಗಳ ನಡುವೆ ಜಾಗ ಬಿಟ್ಟು, ಚಹಾ ತರಿಸಲು ಎದ್ದುಹೋದ.

ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಬರೆಯಲು ಹೊರಟರೆ ಎಷ್ಟು ಬರೆಯಬೇಕು ಎಂಬ ತಕರಾರು ಶುರುವಾಗುತ್ತದೆ. ಆಫೀಸಿನಲ್ಲಿ ನಾವೆಲ್ಲ ಅವರನ್ನು ಅಕ್ಕಾರು ಅನ್ನುತ್ತಿದ್ದೆವು. ಮಾಲೀಕರೂ ಹಾಗೇ ಕರೆಯುತ್ತಿದ್ದರು, ಬೈಯಬೇಕಾದಾಗ ಕೂಡ.

ನಮ್ಮದು ಚಿಕ್ಕೋಡಿಯಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಪುಟ್ಟ ಆಫೀಸು. ಒಬ್ಬರ ಸಾಫ್ಟ್‌ವೇರಿನಲ್ಲಿರುವ ಮಾಹಿತಿಯನ್ನು ಇನ್ನೊಬ್ಬರ ಸಾಫ್ಟ್‌ವೇರಿಗೆ ಮುಟ್ಟಿಸುವುದು ನಮ್ಮ ಕೆಲಸ. ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ಒಂದು ಸಾಫ್ಟ್‌ವೇರ್ ಇರುತ್ತದೆ, ಅಕೌಂಟ್ಸಿನಲ್ಲಿ ಇನ್ನೊಂದು. ಕಾಗವಾಡದ ಕಡೆಯ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನವರದು ಒಂದು ರೀತಿ, ಸಾಂಗಲಿಯ ವ್ಯಾಪಾರಿಯದು ಇನ್ನೊಂದು ರೀತಿ. ಪರದೆಯ ಎಡಕ್ಕೆ ಇವರ ಖಾನೆಗಳು, ಬಲಕ್ಕೆ ಅವರ ಖಾನೆಗಳು. ಎಡದ ಯಾವ ಖಾನೆಯಲ್ಲಿರುವುದು ಬಲದ ಯಾವ ಖಾನೆಗೆ ಹೋಗಬೇಕು ಎಂದು ಮೌಸಿನಿಂದ ಗೆರೆ ಎಳೆದು ತೋರಿಸಬೇಕು. ಇದಕ್ಕೆ ಮ್ಯಾಪಿಂಗ್ ಅನ್ನುತ್ತಾರೆ. ಅಕ್ಕಾರು ‘ಗೆರಿ ಎಳಿಯೂದು’ ಅನ್ನುತ್ತಿದ್ದರು. ಬೆಳಗಿನಿಂದ ಸಂಜೆತನಕ ಗೆರೆ. ಸರಿಯಿದ್ದರೆ ಯಾರ ಕಣ್ಣಿಗೂ ಬೀಳದು, ತಪ್ಪಿದರೆ ಊರಿಗೆಲ್ಲ ಕಾಣುತ್ತದೆ. ಇಂಥ ಕೆಲಸದಲ್ಲಿ ಮನುಷ್ಯ ಬೇಗ ಸವೆಯುತ್ತಾನೆ. ಈಗ ಅವರ ಕುರ್ಚಿಯಲ್ಲಿ ನಾನೇ ಕೂರುವುದರಿಂದ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಅಕ್ಕಾರಿಗೆ ಮೊಣಕಾಲು ನೋವು. ಒಂದು ಕಾಲನ್ನು ಬೋರಲು ಹಾಕಿದ ಕಸದ ಬುಟ್ಟಿಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಹಾಗಾಗಿ ನಮ್ಮ ಆಫೀಸಿನಲ್ಲಿ ಕಸ ಹಾಕಲು ಬುಟ್ಟಿ ಇರಲಿಲ್ಲ. ಫ್ಯಾನು ಹಾಕಲು ಬಿಡುತ್ತಿರಲಿಲ್ಲ, ಹಾಳೆ ಹಾರುತ್ತವೆ ಅನ್ನುತ್ತಿದ್ದರು. ಆಫೀಸಿನಲ್ಲಿ ಹಾಳೆಗಳೇ ಇಲ್ಲವಾಗಿ ಎಷ್ಟೋ ಕಾಲವಾಗಿತ್ತು. ಏಪ್ರಿಲ್ ತಿಂಗಳಲ್ಲಿ ಬೆವರು ಒರೆಸಿಕೊಳ್ಳುತ್ತ, "ಯಾವ ಹಾಳಿ ಹಾರತಾವ್ರಿ ಅಕ್ಕಾರ?" ಎಂದು ಕೇಳಿದರೆ, "ನಾಳಿ ಬಂದ್ರ?" ಅನ್ನುತ್ತಿದ್ದರು.

ಗಿರಾಕಿ ಯಾರೇ ಬರಲಿ, ಅಕ್ಕಾರ ಮೊದಲ ಪ್ರಶ್ನೆ ಒಂದೇ. "ಈ ಖಾನೇದಾಗ ನೀವು ಖರೇವಂದ್ರ ಏನ ಬರೀತೀರಿ?" ಖಾನೆಯ ತಲೆಯ ಮೇಲೆ ಏನು ಬರೆದಿದೆ ಎಂಬುದನ್ನು ಅವರು ನಂಬುತ್ತಿರಲಿಲ್ಲ. ಕೋಲ್ಡ್ ಸ್ಟೋರೇಜಿನವರ ಸಾಫ್ಟ್‌ವೇರಿನಲ್ಲಿ ಫ್ಯಾಕ್ಸ್ ನಂಬರಿನ ಖಾನೆಯ ತುಂಬ ಲಾರಿ ಡ್ರೈವರುಗಳ ಮೊಬೈಲ್ ನಂಬರುಗಳಿದ್ದವು. ಕೇಳಿದರೆ, "ಫ್ಯಾಕ್ಸ್ ಯಾರ ಕಡೆ ಐತ್ರಿ ಈಗ? ಖಾಲಿ ಖಾನೆ ಇತ್ತು, ಹಾಕೇವಿ" ಎಂದರು. ರಾಯಬಾಗದ ಒಂದು ನರ್ಸಿಂಗ್ ಹೋಮಿನವರು ಇಮೇಲ್ ಖಾನೆಯಲ್ಲಿ ಪೇಷಂಟಿನ ಜೊತೆ ಬಂದವರು ಯಾರೆಂದು ಬರೆಯುತ್ತಿದ್ದರು: ಅತ್ತಿ, ಮೈದುನ, ಮಗ್ಗಲ ಮನಿಯವರು.

ಒಮ್ಮೆ ಅಕ್ಕಾರು ಜ್ವರ ಬಂದು ರಜೆಯಲ್ಲಿದ್ದಾಗ ಹಾಲಿನ ಡೇರಿಯೊಂದರ ಕೆಲಸ ಅವಸರಕ್ಕೆ ಬಂತು. ಮಾಲೀಕರು ತಾವೇ ಕೂತು ಗೆರೆ ಎಳೆದರು. ವಿಳಾಸದ ಖಾನೆಯಿಂದ ವಿಳಾಸದ ಖಾನೆಗೆ, ಇದರಲ್ಲೇನಿದೆ ಕಷ್ಟ ಎಂದರು. ಡೇರಿಯವರು ವಿಳಾಸದ ಎರಡನೆಯ ಸಾಲಿನಲ್ಲಿ ಸದಸ್ಯರು ಹಾಕುವುದು ಆಕಳ ಹಾಲೋ ಎಮ್ಮೆಯ ಹಾಲೋ ಎಂದು ಬರೆದುಕೊಳ್ಳುತ್ತಿದ್ದರು. ಸದಸ್ಯರ ಕಾರ್ಡುಗಳು ಅಚ್ಚಾಗಿ ಬಂದಾಗ ವಿಳಾಸ ‘ಎಮ್ಮಿ, ನಿಪ್ಪಾಣಿ’ ಎಂದಿತ್ತು. ಅಂಥದೊಂದು ಕಾರ್ಡನ್ನು ಅಕ್ಕಾರು ತಮ್ಮ ಮಾನಿಟರಿನ ಅಂಚಿಗೆ ಸಿಕ್ಕಿಸಿಕೊಂಡರು. ಮಾಲೀಕರು ಬೈಯಲು ಬಂದಾಗಲೆಲ್ಲ ಅದನ್ನು ಸ್ವಲ್ಪ ನೆಟ್ಟಗೆ ಮಾಡುತ್ತಿದ್ದರು. ಮಾಲೀಕರು ಹಾಗೇ ವಾಪಸು ಹೋಗುತ್ತಿದ್ದರು.

ದೇವರಂಥ ಹೆಂಗಸು ಎಂದು ಬರೆದುಬಿಟ್ಟರೆ ಅವರೇ ನಗುತ್ತಾರೆ. ಹಟಮಾರಿ. ಕಲಿಸಿಕೊಡಿ ಎಂದರೆ, "ನೋಡಿ ಕಲಿ, ನಾ ಏನ್ ಸಾಲಿ ಕಲಿಸೂ ಬಾಯಿ ಏನ?" ಎನ್ನುತ್ತಿದ್ದರು. ಮಧ್ಯಾಹ್ನ ನಮ್ಮ ಡಬ್ಬಿಗಳಿಂದ ಶೇಂಗಾ ಹೋಳಿಗೆ ಇದ್ದರೆ ಕೇಳದೆ ತೆಗೆದುಕೊಂಡು, ತಮ್ಮ ಹಿಟ್ಟಿನ ಪಲ್ಲೆ ನಮಗೆ ದಾಟಿಸುತ್ತಿದ್ದರು. ಕೊರಳಲ್ಲಿ ತಾಳಿ ಇತ್ತು. ಗಂಡನ ಮಾತು ಎಂದೂ ಬರುತ್ತಿರಲಿಲ್ಲ. ಇರಬೇಕು ಎಲ್ಲೋ, ನೌಕರಿಯ ಮೇಲೆ ಪರವೂರಿನಲ್ಲಿದ್ದಾರು ಎಂದುಕೊಂಡಿದ್ದೆವು. ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತವರ ಬಗ್ಗೆ ನಮಗೆ ಗೊತ್ತಿರುವುದು ಅವರ ಡಬ್ಬಿಯ ಪಲ್ಲೆಯಷ್ಟೇ.

ಆ ವರ್ಷ ಕೃಷ್ಣೆಯ ದಂಡೆಯ ಕಾರ್ಖಾನೆಯೊಂದು ಪುಣೆಯ ಕಂಪನಿಯಿಂದ ಹೊಸ ಸಾಫ್ಟ್‌ವೇರ್ ಕೊಂಡಿತು. ಯಾವ ಕಾರ್ಖಾನೆ ಎಂದು ಹೇಳಬೇಕಾಗಿಲ್ಲ, ತಪ್ಪು ನಮ್ಮದು. ಹಳೆಯದರಲ್ಲಿ ರೈತರ ಹೆಸರಿಗೆ ಇದ್ದದ್ದು ಒಂದೇ ಉದ್ದನೆಯ ಖಾನೆ. ಹೊಸದರಲ್ಲಿ ನಾಲ್ಕು: ಹೆಸರು, ತಂದೆಯ ಹೆಸರು, ಗಂಡನ ಹೆಸರು, ಅಡ್ಡಹೆಸರು. ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮುಂಚೆ ಎಲ್ಲ ಹೆಸರುಗಳನ್ನೂ ಒಡೆದು ಆಯಾ ಖಾನೆಗೆ ಸೇರಿಸಬೇಕಿತ್ತು. ಅಕ್ಕಾರು ತಡಮಾಡದೆ ನಿಯಮ ಹೇಳಿದರು.

"ಗಂಡಸಾದ್ರ ನಡಬರಕಿಂದು ಅಪ್ಪಂದು. ಹೆಂಗಸಾದ್ರ ಗಂಡಂದು. ಹಾಕು."

"ಮದಿವಿ ಆಗದಾಕಿ ಇದ್ರ?" ಎಂದೆ.

"ಮದಿವಿ ಆಗದಾಕಿ ಹೆಸರಲೆ ಯಾರ ಹೊಲಾ ಇಡತಾರೋ ತಮ್ಮಾ? ಲಗ್ನಾ ಮಾಡಾಕ ಅದನ್ನ ಮಾರತಾರ."

ಖಾನೆಯಲ್ಲಿ ಖರೇವಂದ್ರ ಏನು ಬರೆಯುತ್ತೀರಿ ಎಂದು ಎಲ್ಲರನ್ನೂ ಕೇಳುವ ಆ ಪ್ರಶ್ನೆಯನ್ನು ಅಂದು ಅವರು ಕೇಳಲಿಲ್ಲ. ಕೇಳಬೇಕೆಂದು ನಮಗೂ ಅನ್ನಿಸಲಿಲ್ಲ. ಚಿಕ್ಕೋಡಿಯಿಂದ ಅಥಣಿಯವರೆಗೆ ಯಾರನ್ನು ನಿಲ್ಲಿಸಿ ಕೇಳಿದ್ದರೂ ಅದೇ ನಿಯಮ ಹೇಳುತ್ತಿದ್ದರು. ನಾನು ಹಾಗೇ ಗೆರೆ ಎಳೆದೆ. ಪರೀಕ್ಷೆ ಮಾಡಿ ನೋಡಿದೆವು, ಎಲ್ಲ ಸರಿಯಾಗಿ ಬಂತು.

ಯಾರ ಹೊಲದ ಕಬ್ಬನ್ನು ಯಾವಾಗ ಕಡಿಯಬೇಕು ಎಂದು ಕಾರ್ಖಾನೆ ಚೀಟಿ ಕೊಡುತ್ತದೆ. ಕಡಿಯುವ ಗ್ಯಾಂಗಿನ ಮುಕಾದಮ ಆ ಚೀಟಿ ಹಿಡಿದು ಊರಿಗೆ ಬರುತ್ತಾನೆ. ಪಾಳಿ ತಪ್ಪಿದರೆ ಮತ್ತೆ ಯಾವಾಗಲೋ. ಅಲ್ಲಿಯತನಕ ನಿಂತ ಕಬ್ಬು ಒಣಗುತ್ತ ಹೋಗುತ್ತದೆ. ಆದ್ದರಿಂದ ಆ ಚೀಟಿಗಾಗಿ ಎಂಥವರೂ ಕೈಮುಗಿಯುತ್ತಾರೆ. ಅಂಥದರಲ್ಲಿ ಅಥಣಿಯ ಕಡೆಯ ಸತ್ತಿ ಎಂಬ ಊರಿನ ಒಬ್ಬ ಹೆಂಗಸು ಗ್ಯಾಂಗನ್ನು ಬದುವಿನಿಂದಲೇ ವಾಪಸು ಕಳಿಸಿದಳು.

ಅವಳು ಗಂಡನ ಮನೆ ಬಿಟ್ಟು ತವರಿಗೆ ಬಂದವಳು. ಅಪ್ಪ ಸಾಯುವ ಮುಂಚೆ ಹೊಳೆಯ ಕಡೆಯ ಹೊಲವನ್ನು ಅವಳ ಹೆಸರಿಗೆ ಮಾಡಿದ್ದ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಡುವೆ ಅಪ್ಪನ ಹೆಸರನ್ನೇ ಬರೆಸಿಕೊಂಡಿದ್ದಳು. ನಮ್ಮ ಗೆರೆ ಆ ಹೆಸರನ್ನು ಎತ್ತಿ ಗಂಡನ ಖಾನೆಯಲ್ಲಿ ಹಾಕಿತ್ತು. ಮುಕಾದಮ ಹೊಲ ಎಲ್ಲಿದೆ ಎಂದು ಕೇಳಲು ಊರ ಕಟ್ಟೆಯ ಮುಂದೆ ನಿಂತು ಚೀಟಿಯಲ್ಲಿ ಇದ್ದದ್ದನ್ನು ಗಟ್ಟಿಯಾಗಿ ಓದಿದ್ದ: ಹೆಸರು ಇಂಥದು, ಗಂಡನ ಹೆಸರು ಇಂಥದು. ಅದು ಅವಳ ಅಪ್ಪನ ಹೆಸರೆಂದು ಕಟ್ಟೆಯ ಮೇಲಿದ್ದವರಿಗೆಲ್ಲ ಗೊತ್ತು. ಯಾರೋ ನಕ್ಕರಂತೆ.

ಕಾರ್ಖಾನೆಯ ಕಬ್ಬಿನ ವಿಭಾಗದವರು ಫೋನು ಮಾಡಿದರು. "ಸುಧಾರಿಸಿ ಹೊಸಾ ಚೀಟಿ ಕೊಟ್ಟರೂ ತಗೋವಲ್ಲಳ್ರಿ. ಬರದವರ ಬಂದು, ಓದಿದ ಜಾಗಾದಾಗ ನಿಂತು ತಪ್ಪಾತು ಅಂತ ಹೇಳಬೇಕಂತ. ನಾಳಿ ಸಂಜಿತನಕಾ ಪಾಳಿ ಹಿಡದ ಇಡತೀನಿ, ಮುಂದ ನನ್ನ ಕೈಯಾಗಿಲ್ಲ."

ಮಾಲೀಕರು, "ಡಾಟಾ ಸರಿ ಮಾಡೇವಿ, ಮುಗೀತು. ಊರೂರಿಗೆ ಹೋಗಿ ಕೈಮುಗಿಯಾಕ ನಾವೇನ್ ಇಲೆಕ್ಷನ್ನಿಗೆ ನಿಂತೇವೇನ?" ಎಂದರು. ಅಕ್ಕಾರು ಎಮ್ಮಿ ಕಾರ್ಡನ್ನು ಮುಟ್ಟಲಿಲ್ಲ. ಬುಟ್ಟಿಯ ಮೇಲಿಂದ ಕಾಲು ಇಳಿಸಿ ಚಪ್ಪಲಿ ಮೆಟ್ಟಿಕೊಂಡರು. "ಬಾ ತಮ್ಮಾ" ಎಂದರು ನನಗೆ.

ಅಥಣಿಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರ್. ಬಸ್ಸು ಅವುಗಳ ಹಿಂದೆ ತೆವಳಿತು. ಅಕ್ಕಾರು ಮೊಣಕಾಲು ಒತ್ತಿಕೊಳ್ಳುತ್ತ ಕಿಟಕಿಯ ಆಚೆ ನೋಡುತ್ತಿದ್ದರು.

ಸತ್ತಿಯಲ್ಲಿ ಅವಳು ಕಟ್ಟೆಯ ಹತ್ತಿರವೇ ನಿಂತಿದ್ದಳು. ನಡುವಯಸ್ಸು, ಹೊಲದಿಂದ ಬಂದವಳು, ತಲೆಗೆ ಟವೆಲು ಸುತ್ತಿದ್ದಳು. ನಮ್ಮಿಬ್ಬರನ್ನೂ ನೋಡಿ ನನ್ನ ಮೇಲೇ ಕಣ್ಣು ನೆಟ್ಟಳು.

"ಇವನ ಏನ ಬರದವ?"

"ಇವ ಅಲ್ಲವಾ, ನಾನು" ಎಂದರು ಅಕ್ಕಾರು.

"ಗಂಡಸ ಯಾವನರ ಇರಬೇಕಂತ ತಿಳದಿದ್ದೆ" ಎಂದಳು ಅವಳು. ಅಷ್ಟೇ. ಅಕ್ಕಾರ ಮುಖ ಬಾಡಿದ್ದು ನನಗೆ ಕಂಡಿತು.

ಕಟ್ಟೆಯ ಮೇಲೆ ಮಂದಿ ಸೇರಿದ್ದರು. ಅಕ್ಕಾರು ಅವರ ಎದುರಿಗೆ ಹೋಗಿ ನಿಂತರು. "ಚೀಟಿ ಮ್ಯಾಲ ಗಂಡನ ಹೆಸರಂತ ಓದಿದ್ದು ಈಕಿ ಅಪ್ಪನ ಹೆಸರು. ಹಂಗ ಬರದಾಕಿ ನಾನು. ತಪ್ಪ ನಂದು. ನಗೂದಿದ್ರ ನನ್ನ ನೋಡಿ ನಗ್ರಿ." ಹಿರಿಯರೊಬ್ಬರು, "ಇರಲಿ ಬಿಡ್ರಿ ಬಾಯಾರ, ಕಂಪ್ಯೂಟರ್ ತಪ್ಪ ಅದು" ಎಂದರು. ಅಕ್ಕಾರು ಅದನ್ನೂ ಒಪ್ಪಲಿಲ್ಲ. "ಕಂಪ್ಯೂಟರಿಗೆ ಅಪ್ಪಾ ಗಂಡಾ ಏನ್ ಗೊತ್ತ್ರಿ? ಹೇಳಿಕೊಟ್ಟಾಕಿ ನಾನ."

ಯಾರೂ ನಗಲಿಲ್ಲ. ಅವಳು ಮಂದಿಯ ನಡುವೆ ನಿಂತಿದ್ದ ಮುಕಾದಮನಿಂದ ಹೊಸ ಚೀಟಿ ಇಸಕೊಂಡು, ಓದಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಬರ್ರಿ, ಚಾ ಕುಡದ ಹೋಗ್ರಿ" ಎಂದಳು.

ಅವಳ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುವಾಗ, ಬೈಯುವ ದನಿಯಲ್ಲಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು. "ಹೆಂಗಸಾಗಿ ನಿಮಗ ಇದು ಹೊಳೀಲಿಲ್ಲ ಏನ್ರಿ?"

"ಹೊಳೀಲಿಲ್ಲವಾ. ಗಂಡನ ಹೆಸರ ಬಿಡಾಕ ಬರತೈತಿ ಅಂತ ನನಗ ಗೊತ್ತ ಇರಲಿಲ್ಲ."

"ಬಿಟ್ಟರ ಬರತೈತ್ರಿ" ಎಂದಳು ಅವಳು. "ನಾ ಏನ್ ಯಾರನೂ ಕೇಳಾಕ ಹೋಗಲಿಲ್ಲ."

ವಾಪಸು ಬರುವಾಗ ಅಥಣಿ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತ ಕೂತಾಗ ಅಕ್ಕಾರು ಮೊದಲ ಸಲ ಗಂಡನ ಮಾತು ತೆಗೆದರು. ಯಾರೋ ಪರಿಚಯದವರ ಸುದ್ದಿ ಹೇಳುವ ಹಾಗೆ ಹೇಳಿದರು.

"ನಮ್ಮಾಂವ ಇಚಲಕರಂಜ್ಯಾಗ ಅದಾನ. ಬ್ಯಾರೆ ಸಂಸಾರ. ಮಕ್ಕಳೂ ಅದಾವ. ಎಷ್ಟ ವರ್ಷಾತು ಅಂತ ಲೆಕ್ಕಾ ಬಿಟ್ಟೀನಿ. ಆದ್ರ ರೇಶನ್ ಕಾರ್ಡಿನ ಮ್ಯಾಲ, ಗ್ಯಾಸಿನ ಪುಸ್ತಕದ ಮ್ಯಾಲ, ಎಲ್ಲಿ ಸಹಿ ಮಾಡಂದ್ರ ಅಲ್ಲಿ ಅವನ ಹೆಸರ ಬರಕೋತನ ಬಂದೀನಿ. ಆಕಿ ನೋಡು, ಒಂದ ಸಲಾ ಬಿಟ್ಟಳು, ಮುಗದ ಹೋತು."

ಬಹಳ ಸಂಕಟವಾಯಿತು. ಅವರು ನಿಯಮ ಹೇಳಿದ್ದು ಅಹಂಕಾರದಿಂದ ಎಂದು ಆತನಕ ನಾನು ಒಳಗೊಳಗೇ ಅಂದುಕೊಂಡಿದ್ದೆ. ತಮ್ಮ ಬದುಕಿನಲ್ಲಿ ಇದ್ದದ್ದನ್ನೇ ಅವರು ನಿಯಮ ಮಾಡಿದ್ದರು. ಬೇರೆ ದಾರಿ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮರುದಿನ ಕೂತು ಅಂಥ ಹೆಸರುಗಳನ್ನೆಲ್ಲ ಹುಡುಕಿಸಿದರು. ಸತ್ತಿಯವಳು ಒಬ್ಬಳೇ ಇರಲಿಲ್ಲ. ಬೇರೆ ಊರುಗಳಲ್ಲೂ ಅಪ್ಪನನ್ನೇ ಗಂಡನೆಂದು ತೋರಿಸಿದ ಚೀಟಿಗಳು ಹೋಗಿದ್ದವು. ಆ ಹೆಂಗಸರು ಬಾಯಿಬಿಟ್ಟಿರಲಿಲ್ಲ. ಚೀಟಿ ತೆಗೆದುಕೊಂಡು, ಕಬ್ಬು ಕಳಿಸಿ ಸುಮ್ಮನಾಗಿದ್ದರು. "ಗ್ಯಾಂಗ್ ಹೊಳ್ಳಿ ಕಳಿಸಿದಾಕಿನ ಚಲೋ" ಎಂದರು ಅಕ್ಕಾರು. ಆಮೇಲೆ ಪುಣೆಗೆ ಫೋನು ಹಚ್ಚಿ, ಹೆಂಗಸರಾದರೆ ಗಂಡನ ಖಾನೆ ತುಂಬಲೇಬೇಕೆಂಬ ಕಡ್ಡಾಯವನ್ನು ತೆಗೆಯಿರಿ ಎಂದು ಮರಾಠಿಯಲ್ಲಿ ಜಗಳಕ್ಕೆ ನಿಂತರು. "ತೇ ಕಂಪಲ್ಸರಿ ಕಾಢೂನ್ ಟಾಕಾ ಭಾವೂ, ಕಾಢೂನ್ ಟಾಕಾ" ಎಂದು ಇಡೀ ಮಧ್ಯಾಹ್ನ. ಆ ಕಡೆಯವನು, ಖಾಲಿ ಖಾನೆ ಬಂದರೆ ರಿಪೋರ್ಟು ಚೆನ್ನಾಗಿ ಕಾಣುವುದಿಲ್ಲ ಎಂದನಂತೆ. ಫೋನು ಇಟ್ಟು ನಮ್ಮ ಕಡೆ ತಿರುಗಿದರು. "ಖಾಲಿ ಇದ್ರ ಗೊತ್ತಿಲ್ಲ ಅಂತ ಅರ್ಥ. ಗೊತ್ತಿಲ್ಲದ್ದನ್ನ ತುಂಬಿದ್ರ ಸುಳ್ಳ ಹೇಳಿದಂಗ. ಚಂದ ಕಾಣತೈತಂತ ಸುಳ್ಳ ಹೇಳೂದೇನ?" ಕೊನೆಗೆ ಆ ಕಡ್ಡಾಯವನ್ನು ತೆಗೆದರು. ಪುಣೆಯವರೂ ದಣಿದಿರಬೇಕು.

ಮುಂದೆ ನಮ್ಮ ಆಫೀಸಿನ ಹಾಜರಿಯ ಸಾಫ್ಟ್‌ವೇರನ್ನೇ ಬದಲಿಸಬೇಕಾಯಿತು. ನಮ್ಮ ನಮ್ಮ ಹೆಸರುಗಳಿಗೇ ನಾನು ಗೆರೆ ಎಳೆಯುತ್ತಿದ್ದೆ. ಅಕ್ಕಾರು ಎದ್ದು ಬಂದು, ನನ್ನ ಮೇಜಿಗೆ ಕೈ ಊರಿ ನಿಂತರು.

"ನನ್ನ ಹೆಸರಿನ ಸಾಲ ತಗಿ."

ತೆಗೆದೆ. ಮೂರು ತುಂಡು ಹೆಸರು ಪರದೆಯ ಮೇಲೆ ಬಂತು.

"ನಡಬರಕಿಂದ ಖಾಲಿ ಬಿಡು."

ನಾನು ತರ್ಕ ಮಾಡುವ ಹುಂಬ. "ಅಡ್ಡೆಸರೂ ಅವರದ ಅಲ್ಲೇನ್ರಿ ಅಕ್ಕಾರ? ಮದಲಿನ ಹೆಸರೂ ಲಗ್ನದಾಗ ಅವರ ಇಟ್ಟದ್ದಿರಬೇಕು?" ಎಂದೆ. ನಮ್ಮ ಕಡೆ ಹಲವು ಮನೆತನಗಳಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರ ಮೇಲೆ ಹೆಣ್ಣಿನ ಹೊಸ ಹೆಸರು ಬರೆಯುತ್ತಾರೆ. ಅಲ್ಲಿಂದ ಮುಂದೆ ತವರಿನ ಹೆಸರಿಗೆ ಕರೆಯುವವರು ಕಡಿಮೆ.

ಅವರು ಸಿಟ್ಟಾಗಲಿಲ್ಲ. "ಇಟ್ಟವರ ಅವರ, ಖರೆ. ಆದ್ರ ಆ ಹೆಸರಲೆ ದುಡದಾಕಿ ನಾನು. ಮದಲಿಂದೂ ಕಡೀದೂ ದುಡದು ನಂದ ಮಾಡ್ಕೊಂಡೀನಿ. ನಡಬರಕಿಂದ ನಂದ ಆಗಲಿಲ್ಲ. ಬಿಡು."

ಅಳಿಸಿದೆ. ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ತಮ್ಮ ಜಾಗಕ್ಕೆ ಹೋಗಿ, ಬುಟ್ಟಿಯ ಮೇಲೆ ಕಾಲಿಟ್ಟು, "ಫ್ಯಾನ್ ಹಾಕೋ ತಮ್ಮಾ, ಶೆಕಿ ಆಗೇತಿ" ಎಂದರು. ಫ್ಯಾನು ತಿರುಗಿತು, ಏನೂ ಹಾರಲಿಲ್ಲ. ಮರುದಿನ ಮತ್ತೆ ಬಂದ್ ಮಾಡಿಸಿದರು.

ಅವರು ಕೆಲಸ ಬಿಟ್ಟು ಒಂದು ಮಳೆಗಾಲ ಪೂರ್ತಿ ಕಳೆಯಲಿಲ್ಲ. ನಿಪ್ಪಾಣಿಯಲ್ಲಿ ಅಣ್ಣನ ಮನೆಯ ಹತ್ತಿರ ಮನೆ ಮಾಡಿಕೊಂಡಿದ್ದರು. ಬೆಳಗಿನ ಚಹಾ ಕುಡಿದು ಎದೆನೋವು ಎಂದರಂತೆ, ದವಾಖಾನೆ ಮುಟ್ಟಲಿಲ್ಲ. ಮಣ್ಣಿಗೆ ನಾವೆಲ್ಲ ಹೋಗಿದ್ದೆವು.

ಫ್ಲೆಕ್ಸ್ ಅಂಗಡಿಯವನು ಚಹಾ ತಂದಿಟ್ಟ. ನಾನು ಅಣ್ಣನಿಗೆ ಫೋನು ಹಚ್ಚಿದೆ. ಆಫೀಸಿನಲ್ಲಿ ನಡೆದದ್ದನ್ನು ಇದ್ದ ಹಾಗೇ ಹೇಳಿದೆ.

"ಹಂಗಂದಿದ್ಲಾ ಅಕಿ? ತನ್ನ ಬಾಯಿಲೆ?"

"ಹೌದ್ರಿ. ನನ್ನ ಮಗ್ಗಲಕ ನಿಂತ ಅಂದಾರ. ಅಳಿಸಿದಾಂವ ನಾನ."

ಅಣ್ಣ ಕೆಮ್ಮಿ, "ಅವ ಮಣ್ಣಿಗೂ ಬರಲಿಲ್ಲರಿ" ಎಂದರು. "ಬಿಡ್ರಿ ಹಂಗಾರ. ಅಕಿ ಹೇಳಿದಂಗ ಹಾಕಸ್ರಿ."

ಅಂಗಡಿಯವನು ಮಾತೆಲ್ಲ ಕೇಳಿಸಿಕೊಂಡಿದ್ದ. ನಡುವೆ ಬಿಟ್ಟ ಜಾಗವನ್ನು ತೆಗೆದು ಎರಡು ಹೆಸರನ್ನೂ ಹತ್ತಿರ ತಂದ. ಸಾಲು ಗಿಡ್ಡವಾಗಿ ಎರಡೂ ಬದಿಗೆ ಜಾಗ ಉಳಿಯಿತು.

"ಜಾಗಾ ಭಾಳ ಉಳದೈತ್ರಿ ಸರ. ಅಕ್ಷರ ದೊಡ್ಡವ ಮಾಡ್ಲ್ಯಾ?"

"ಮಾಡು" ಎಂದೆ. "ಈ ತುದಿಯಿಂದ ಆ ತುದಿಗೆ ಬರೂಹಂಗ ಮಾಡು."